ಗಡ್ಡೆಯ ತುಣುಕನ್ನು ಲ್ಯಾಬಿನಲ್ಲಿ ಬೆಳೆಸಿ ಔಷಧ ಆರಿಸಬಹುದೇ?

ಪ್ರಶ್ನೆ: ಮೇಡಂ, ನಾವು ಕುಂದಾಪುರದ ಕಡೆಯವರು, ಡೊಂಬಿವಲಿಯಲ್ಲಿ ಹೋಟೆಲ್ ಇಟ್ಟುಕೊಂಡಿದ್ದೇವೆ. ನನ್ನ ಅಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಹೋದ ವರ್ಷ ಆಪರೇಷನ್ ಆಯಿತು. ಈಗ ಲಿವರ್‌ಗೆ ಹರಡಿದೆ ಅಂತ ಕೀಮೋ ಕೊಡುತ್ತಿದ್ದಾರೆ. ಪರಿಚಯದವರೊಬ್ಬರು ಒಂದು ಪ್ರೈವೇಟ್ ಲ್ಯಾಬಿನ ಕರಪತ್ರ ತಂದುಕೊಟ್ಟರು. ಗಡ್ಡೆಯ ತುಣುಕನ್ನು ತ್ರೀಡಿಯಲ್ಲಿ ಬೆಳೆಸಿ, ಅದರ ಮೇಲೆ ಹತ್ತಾರು ಔಷಧ ಹಾಕಿ ನೋಡಿ, ಯಾವುದು ಹಿಡಿಯುತ್ತದೆ ಅಂತ ಮೊದಲೇ ಹೇಳುತ್ತಾರಂತೆ. ಫೀಸು ಲಕ್ಷದ ಮೇಲಿದೆ. ನನ್ನ ಮಗಳು ಪುಣೆಯಲ್ಲಿ ಎಂ.ಎಸ್ಸಿ. ಬಯೋಟೆಕ್ನಾಲಜಿ ಓದುತ್ತಿದ್ದಾಳೆ, ಅವಳ ಪ್ರಾಜೆಕ್ಟೂ ತ್ರೀಡಿ ಸೆಲ್ ಕಲ್ಚರ್ ಮೇಲೆಯೇ. ‘ದೊಡ್ಡಪ್ಪನಿಗೆ ಮಾಡಿಸೋಣ’ ಅನ್ನುತ್ತಾಳೆ. ಅಣ್ಣನ ಡಾಕ್ಟರು ಬೇಡ ಅನ್ನುತ್ತಾರೆ. ಇದು ನಿಜಕ್ಕೂ ಏನು? ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ದುಡ್ಡು, ಸಮಯ ಎರಡೂ ಅಲ್ಲೇ ಸಿಕ್ಕಿಕೊಂಡಿವೆ. ಇಂಥ ರಿಪೋರ್ಟ್ ಒಂದನ್ನು ನಂಬಿ ನಿಮ್ಮ ಅಣ್ಣನವರ ಕೀಮೋ ಬದಲಿಸುವಷ್ಟು ಆಧಾರ ಇವತ್ತಿಗೆ ಇಲ್ಲ. ಡಾಕ್ಟರು ಹೇಳಿದ್ದು ಸರಿ. ಮಗಳ ಮಾತಿನಲ್ಲೂ ಸುಳ್ಳಿಲ್ಲ. ಕರಪತ್ರದಲ್ಲಿ ಹೇಳಿರುವ ವಿಜ್ಞಾನ ಇದೆ, ಚೆನ್ನಾಗಿಯೇ ಇದೆ. ಆದರೆ ಲ್ಯಾಬಿನಿಂದ ರೋಗಿಯ ಹಾಸಿಗೆಯವರೆಗಿನ ದಾರಿಯಲ್ಲಿ ಕರಪತ್ರ ಸುಮಾರು ಮೆಟ್ಟಿಲು ಹಾರಿಬಿಟ್ಟಿದೆ. ಯಾವ ಮೆಟ್ಟಿಲು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಕ್ಯಾನ್ಸರ್ ಕೋಶಗಳನ್ನು ದೇಹದ ಹೊರಗೆ ಬೆಳೆಸುವುದು ಹೊಸತೇನಲ್ಲ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ ತೆಗೆದ ಕೋಶಗಳು ಜಾರ್ಜ್ ಗೈ ಅವರ ಲ್ಯಾಬಿನಲ್ಲಿ ಬೆಳೆದವು. ಆಕೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆ ಕೋಶಗಳೇ ಹೀಲಾ, ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. ಆ ಲ್ಯಾಬಿಗೂ ನಮ್ಮ ಮುಂಬೈಗೂ ಒಂದು ನಂಟಿದೆ. ಪುಣೆಯಲ್ಲಿ ಹುಟ್ಟಿದ ಕಮಲ್ ರಣದಿವೆ ಗೈ ಅವರ ಹತ್ತಿರವೇ ಕೆಲಸ ಕಲಿತು ಬಂದವರು. ಮುಂಬೈಯ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್‌ನಲ್ಲಿ ಅವರು 1960ರ ದಶಕದಲ್ಲಿ ಕಟ್ಟಿದ್ದೇ ದೇಶದ ಮೊದಲ ಟಿಶ್ಯೂ ಕಲ್ಚರ್ ಲ್ಯಾಬ್. ಆ ಸಂಸ್ಥೆಯ ಕೆಲಸ ಇಂದು ನವಿ ಮುಂಬೈಯ ಖಾರ್‌ಘರ್‌ನಲ್ಲಿ, ಟಾಟಾ ಮೆಮೋರಿಯಲ್‌ನ ಆ್ಯಕ್ಟ್ರೆಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಮುಂದುವರಿದಿದೆ. ನಿಮ್ಮ ಮಗಳಿಗೆ ಈ ಹೆಸರು ಗೊತ್ತಿಲ್ಲದಿದ್ದರೆ ಹೇಳಿ. ಪುಣೆಯ ಹುಡುಗಿಯರಿಗೆ ಈ ವಿಷಯದಲ್ಲಿ ಹಳೇ ಹಕ್ಕಿದೆ.

ಆ ಕಾಲದಿಂದ ನಡೆದುಬಂದ ಕ್ರಮ ಹೀಗಿದೆ. ಪ್ಲಾಸ್ಟಿಕ್ ಫ್ಲಾಸ್ಕಿನ ತಳದಲ್ಲಿ ಕೋಶಗಳನ್ನು ಬಿಟ್ಟು, ಮೇಲೆ ಗುಲಾಬಿ ಬಣ್ಣದ ಪೋಷಕ ದ್ರವ ಹೊಯ್ದು, 37 ಡಿಗ್ರಿ ಶಾಖ ಮತ್ತು ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಇಡುವುದು. ಕೋಶಗಳು ತಳಕ್ಕೆ ಅಂಟಿಕೊಂಡು ಒಂದೇ ಪದರವಾಗಿ ಹರಡುತ್ತವೆ. ಇದನ್ನೇ ಟೂಡಿ ಕಲ್ಚರ್ ಅನ್ನುವುದು. ಅಗ್ಗ, ಸುಲಭ, ಇವತ್ತು ಮಾಡಿದ್ದನ್ನು ನಾಳೆ ಹಾಗೇ ಮತ್ತೆ ಮಾಡಬಹುದು. ಕೀಮೋ ಔಷಧಗಳನ್ನು ಸೋಸಿ ತೆಗೆದ ಕೆಲಸದಲ್ಲಿ ಬಹಳಷ್ಟು ಇದರ ಮೇಲೆಯೇ ನಡೆದಿದೆ. ಅದನ್ನು ಕಡೆಗಣಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ತೊಂದರೆ ಎಲ್ಲಿ ಅಂದರೆ, ದೇಹದಲ್ಲಿ ಯಾವ ಗಡ್ಡೆಯೂ ಒಂದು ಕೋಶದಷ್ಟು ತೆಳ್ಳಗೆ ಇರುವುದಿಲ್ಲ. ನಿಮ್ಮದು ಹೋಟೆಲ್ ಮನೆ, ಹಾಗಾಗಿ ಹೀಗೆ ಹೇಳುತ್ತೇನೆ. ಅದೇ ಉದ್ದು, ಅದೇ ಅಕ್ಕಿ. ಕಾವಲಿ ಮೇಲೆ ತೆಳ್ಳಗೆ ಎಳೆದರೆ ಹಿಟ್ಟಿನ ಪ್ರತಿ ಚುಕ್ಕೆಗೂ ಒಂದೇ ಹೊತ್ತಿಗೆ ಶಾಖ ತಾಗುತ್ತದೆ. ಇಡ್ಲಿ ತಟ್ಟೆಗೆ ಹೊಯ್ದರೆ ಅಂಚು ಬೆಂದರೂ ನಡು ಇನ್ನೂ ಹಸಿ ಇರಬಹುದು. ಗಡ್ಡೆ ಇಡ್ಲಿಯ ಜಾತಿ. ನಾವು ಇಷ್ಟು ವರ್ಷ ದೋಸೆ ಮೇಲೆ ಪರೀಕ್ಷೆ ಮಾಡುತ್ತಿದ್ದೆವು.

ಟೂಡಿಯಲ್ಲಿ ಪ್ರತಿ ಕೋಶಕ್ಕೂ ಆಮ್ಲಜನಕ, ಸಕ್ಕರೆ, ಔಷಧ ಎಲ್ಲವೂ ಸಮನಾಗಿ ಸಿಗುತ್ತವೆ. ಗಡ್ಡೆಯೊಳಗೆ ಹಾಗಲ್ಲ. ಆಮ್ಲಜನಕ ರಕ್ತನಾಳದಿಂದ ಹೊರಟು ಹೆಚ್ಚೆಂದರೆ 100ರಿಂದ 200 ಮೈಕ್ರೋಮೀಟರ್ ದೂರ ಹೋಗುತ್ತದೆ. ಅಂದರೆ ಒಂದೆರಡು ತಲೆಕೂದಲಿನ ದಪ್ಪದಷ್ಟು. ಅದರಾಚೆ ಇರುವ ಕೋಶಗಳು ಉಸಿರುಗಟ್ಟಿಕೊಂಡೇ ಬದುಕುತ್ತವೆ, ಇಲ್ಲ ಸಾಯುತ್ತವೆ. ಇನ್ನೊಂದು ವಿಷಯ ಗಟ್ಟಿತನ. ಫ್ಲಾಸ್ಕಿನ ಪ್ಲಾಸ್ಟಿಕ್ಕು ನಮ್ಮ ಸ್ತನದ ಅಥವಾ ಲಿವರ್‌ನ ಮೆತ್ತನೆಯ ಭಾಗಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ ಗಟ್ಟಿ. ಕೋಶಕ್ಕೆ ತನ್ನ ಕೆಳಗಿರುವುದು ಗಟ್ಟಿಯೋ ಮೆತ್ತಗೋ ಅನ್ನುವುದು ತಿಳಿಯುತ್ತದೆ, ಅದಕ್ಕೆ ತಕ್ಕಂತೆ ನಡವಳಿಕೆಯೂ ಬದಲಾಗುತ್ತದೆ.

ಗುಂಡಗೆ ಬೆಳೆಸುವ ಯೋಚನೆ ಬಂದದ್ದು ಇಲ್ಲಿಂದ. 1970ರ ದಶಕದ ಆರಂಭದಲ್ಲಿ ಕೆನಡಾದ ರಾಬರ್ಟ್ ಸದರ್‌ಲ್ಯಾಂಡ್ ಮತ್ತು ಜೊತೆಯವರು ಕೋಶಗಳನ್ನು ಸಣ್ಣ ಗೋಲಿಗಳಾಗಿ ಬೆಳೆಸಿ, ಅವುಗಳ ಮೇಲೆ ವಿಕಿರಣದ ಪರಿಣಾಮ ನೋಡಿದರು. ಇವಕ್ಕೆ ಸ್ಫೆರಾಯ್ಡ್ ಅನ್ನುತ್ತಾರೆ. ಗೋಲಿ ಅರ್ಧ ಮಿಲಿಮೀಟರ್‌ನಷ್ಟು ದಪ್ಪ ಆಗುವ ಹೊತ್ತಿಗೆ ಒಳಗೆ ಮೂರು ಬಗೆ ಕಾಣುತ್ತವೆ. ಹೊರಗಿನ ಕೋಶಗಳು ಭರದಿಂದ ಒಡೆದು ಹೆಚ್ಚುತ್ತಿರುತ್ತವೆ. ನಡುವಿನವು ಸುಮ್ನೆ ಬಿದ್ದುಕೊಂಡಿರುತ್ತವೆ. ತೀರಾ ಒಳಗಿನವು ಸತ್ತಿರುತ್ತವೆ. ಹೆಚ್ಚಿನ ಕೀಮೋ ಔಷಧಗಳು ಹೊಡೆಯುವುದು ಒಡೆಯುತ್ತಿರುವ ಕೋಶಗಳನ್ನು. ಸುಮ್ನೆ ಬಿದ್ದುಕೊಂಡವು ತಪ್ಪಿಸಿಕೊಳ್ಳುತ್ತವೆ. ವಿಕಿರಣದ ಕಥೆಯೂ ಹಾಗೇ. ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಸುಮಾರು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು.

ಸ್ಫೆರಾಯ್ಡ್ ಮಾಡುವುದು ಕಷ್ಟವಿಲ್ಲ. ಕೋಶಗಳಿಗೆ ಅಂಟಿಕೊಳ್ಳಲು ಜಾಗ ಕೊಡಬಾರದು, ಅಷ್ಟೇ. ದುಂಡು ತಳದ, ಏನೂ ಅಂಟದಂತೆ ಲೇಪ ಕೊಟ್ಟ 96 ಗುಳಿಗಳ ತಟ್ಟೆ ಸಿಗುತ್ತದೆ. ಅದಕ್ಕೆ ದುಡ್ಡಿಲ್ಲದ ಲ್ಯಾಬುಗಳು ಗುಳಿಯ ತಳಕ್ಕೆ ಅಗರೋಸ್ ಎಂಬ ಜೆಲ್ ಹೊಯ್ದುಕೊಳ್ಳುತ್ತವೆ. ಒಂದೊಂದು ಗುಳಿಗೆ ಕೆಲವು ಸಾವಿರ ಕೋಶ ಬಿಟ್ಟು ಮೂರ್ನಾಲ್ಕು ದಿನ ಕಾದರೆ ಗೋಲಿ ರೆಡಿ. ಇದರ ಮೇಲೆ ಡಾಕ್ಸೊರುಬಿಸಿನ್ ಹಾಕಿ ನೋಡುವುದು ನನಗೆ ಇಷ್ಟದ ಪ್ರಯೋಗ. ಆ ಔಷಧಕ್ಕೆ ತಾನಾಗಿಯೇ ಕೆಂಪಗೆ ಹೊಳೆಯುವ ಗುಣ ಇದೆ. ಬೇರೆ ಬಣ್ಣ ಹಾಕಬೇಕಿಲ್ಲ. ಕೆಲವು ಗಂಟೆ ಬಿಟ್ಟು ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಗೋಲಿಯನ್ನು ಪದರ ಪದರವಾಗಿ ನೋಡಿದರೆ ಹೊರಗೆ ಒಂದು ಕೆಂಪು ಉಂಗುರ, ಒಳಗೆಲ್ಲ ಕತ್ತಲು. ಔಷಧ ಒಳಗೆ ಇಳಿದೇ ಇಲ್ಲ. ಅದೇ ಕೋಶ, ಅದೇ ಡೋಸ್ ಟೂಡಿ ತಟ್ಟೆಯಲ್ಲಿ ಹಾಕಿದರೆ ಎಲ್ಲ ಕೋಶದ ಒಳಗೂ ಕೆಂಪು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದರೆ ಲೆಕ್ಚರೇ ಬೇಡ.

ತ್ರೀಡಿ ಅಂದರೆ ಔಷಧ ಯಾವಾಗಲೂ ಕಡಿಮೆ ಕೆಲಸ ಮಾಡುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಆಮ್ಲಜನಕ ಕಡಿಮೆ ಇರುವಲ್ಲೇ ಚುರುಕಾಗುವ ಔಷಧಗಳಿವೆ, ಉದಾಹರಣೆಗೆ ಟಿರಪಜಮೈನ್. ಅದು ಗೋಲಿಯಲ್ಲೇ ಜಾಸ್ತಿ ಹೊಡೆಯುತ್ತದೆ.

ಇಷ್ಟಾದರೂ ಸ್ಫೆರಾಯ್ಡ್ ಅನ್ನುವುದು ಬರೀ ಕೋಶಗಳ ಉಂಡೆ. ದೇಹದಲ್ಲಿ ಕೋಶಗಳ ಸುತ್ತ ಕೊಲಾಜೆನ್, ಲ್ಯಾಮಿನಿನ್‌ಗಳಂಥ ಪ್ರೋಟೀನುಗಳ ಬಲೆ ಇರುತ್ತದೆ. ಆ ಬಲೆಗೆ ಎಷ್ಟು ಶಕ್ತಿ ಇದೆ ಅಂತ ತೋರಿಸಿದವರು ಅಮೆರಿಕದ ಬರ್ಕ್‌ಲಿಯಲ್ಲಿದ್ದ, ಇರಾನ್ ಮೂಲದ ಮಿನಾ ಬಿಸೆಲ್. 1992ರಲ್ಲಿ ಅವರ ಗುಂಪು ಸ್ತನದ ಮಾಮೂಲಿ ಕೋಶ ಮತ್ತು ಕ್ಯಾನ್ಸರ್ ಕೋಶ ಎರಡನ್ನೂ ಇಂಥ ಬಲೆಯ ಜೆಲ್ಲಿನಲ್ಲಿ ಬೆಳೆಸಿತು. ಮಾಮೂಲಿ ಕೋಶಗಳು ಕೆಲವು ಬಾರಿ ಒಡೆದು, ಅಚ್ಚುಕಟ್ಟಾದ ಸಣ್ಣ ಗುಂಡುಗಳಾಗಿ ನಿಂತವು. ಕ್ಯಾನ್ಸರ್ ಕೋಶಗಳು ಅಡ್ಡಾದಿಡ್ಡಿ ಬೆಳೆಯುತ್ತಲೇ ಹೋದವು. ಪ್ಲಾಸ್ಟಿಕ್ಕಿನ ಮೇಲೆ ಇವೆರಡರ ವ್ಯತ್ಯಾಸ ಹೇಳುವುದು ಕಷ್ಟ. 1997ರ ಕೆಲಸ ಇನ್ನೂ ಜೋರು. ಬಲೆಯನ್ನು ಹಿಡಿದುಕೊಳ್ಳುವ ಬೀಟಾ-1 ಇಂಟಿಗ್ರಿನ್ ಎಂಬ ಪ್ರೋಟೀನನ್ನು ಒಂದು ಪ್ರತಿಕಾಯದಿಂದ ತಡೆದಾಗ, ಆ ಕ್ಯಾನ್ಸರ್ ಕೋಶಗಳು ಮಾಮೂಲಿಯವರ ಹಾಗೆ ಗುಂಡಗೆ ಕೂತುಬಿಟ್ಟವು. ಜೀನುಗಳಲ್ಲಿದ್ದ ಕೆಡುಕು ಹಾಗೇ ಇತ್ತು, ನಡತೆ ಮಾತ್ರ ಬದಲಾಗಿತ್ತು. ಟೂಡಿಯಲ್ಲಿ ಈ ಪರಿಣಾಮ ಕಾಣುವುದೇ ಇಲ್ಲ. ತ್ರೀಡಿ ಬೇಕು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಈ ಜೆಲ್ಲಿನ ಹೆಸರು ಮ್ಯಾಟ್ರಿಜೆಲ್. ಇಲಿಯಲ್ಲಿ ಬೆಳೆಯುವ ಒಂದು ಬಗೆಯ ಗಡ್ಡೆಯಿಂದ ತೆಗೆದದ್ದು. ತಣ್ಣಗಿದ್ದರೆ ದ್ರವ, ಬೆಚ್ಚಗಾದರೆ ಗಟ್ಟಿ. ಒಂದು ಬ್ಯಾಚಿನ ಹಾಗೆ ಇನ್ನೊಂದು ಇರುವುದಿಲ್ಲ. ಬೆಲೆಯೂ ವಿಪರೀತ. ಫ್ರೀಜರ್‌ನಿಂದ ತೆಗೆದ ಸೀಸೆಯನ್ನು ಮಂಜುಗಡ್ಡೆಯಲ್ಲಿ ಹುಗಿದು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ಕರಗಿಸಬೇಕು. ಪಿಪೆಟ್ಟಿನ ಟಿಪ್ಪುಗಳನ್ನೂ ತಣ್ಣಗೆ ಮಾಡಿಟ್ಟುಕೊಳ್ಳಬೇಕು. ಮುಂಬೈಯ ಮೇ ತಿಂಗಳಲ್ಲಿ ಎ.ಸಿ. ಕೈಕೊಟ್ಟ ದಿನ ಇದನ್ನು ಮುಟ್ಟಲೇಬಾರದು. ಟಿಪ್ಪಿನೊಳಗೇ ಗಟ್ಟಿಯಾಗಿ ಕೂರುತ್ತದೆ.

ನಿಮ್ಮ ಕರಪತ್ರ ಹೇಳುತ್ತಿರುವುದು ಇದರ ಮುಂದಿನ ಹೆಜ್ಜೆ, ಆರ್ಗನಾಯ್ಡ್. ಅಂದರೆ ಅಂಗದ ಅಥವಾ ಗಡ್ಡೆಯ ಪುಟ್ಟ ಪ್ರತಿ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಲ್ಯಾಬಿನಲ್ಲಿ ತೊಶಿರೊ ಸಾಟೊ ಇಲಿಯ ಕರುಳಿನ ಒಂದೇ ಒಂದು ಕಾಂಡಕೋಶದಿಂದ (ಸ್ಟೆಮ್ ಸೆಲ್) ಮಡಿಕೆ ಮಡಿಕೆಯ ಪುಟ್ಟ ಕರುಳನ್ನು ಬೆಳೆಸಿದರು. ಎರಡು ವರ್ಷದಲ್ಲಿ ಮನುಷ್ಯರ ಕರುಳು, ಕರುಳಿನ ಕ್ಯಾನ್ಸರ್ ಎರಡೂ ಈ ದಾರಿಗೆ ಬಂದವು. ಕ್ಯಾನ್ಸರ್ ಕೆಲಸಕ್ಕೆ ಕರುಳೇ ಮೊದಲು ಒದಗಿದ್ದಕ್ಕೆ ಒಂದು ಕಾರಣ ಇದೆ. ಆರೋಗ್ಯವಂತ ಕರುಳಿನ ಕೋಶ ಬೆಳೆಯಲು ವಿಂಟ್, ಆರ್-ಸ್ಪಾಂಡಿನ್ ಎಂಬ ಪ್ರೋಟೀನುಗಳನ್ನು ಹೊರಗಿನಿಂದ ಕೊಡಬೇಕು. ಹೆಚ್ಚಿನ ಕರುಳಿನ ಕ್ಯಾನ್ಸರ್‌ಗಳಲ್ಲಿ ಆ ಪ್ರೋಟೀನುಗಳು ಒತ್ತುವ ಬೆಳವಣಿಗೆಯ ಸ್ವಿಚ್ಚು ತಾನಾಗಿಯೇ ಆನ್ ಆಗಿರುತ್ತದೆ. ಹಾಗಾಗಿ ಆ ಎರಡನ್ನು ದ್ರವದಿಂದ ತೆಗೆದುಬಿಟ್ಟರೆ ಆರೋಗ್ಯದ ಕೋಶ ಸಾಯುತ್ತದೆ, ಕ್ಯಾನ್ಸರ್ ಕೋಶ ಉಳಿಯುತ್ತದೆ. ಶ್ವಾಸಕೋಶದ ಗಡ್ಡೆಯಲ್ಲಿ ಇಂಥ ಸುಲಭದ ಸೋಸಣಿಗೆ ಇಲ್ಲ. ಅಲ್ಲಿ ಎಷ್ಟೋ ಸಲ ಆರೋಗ್ಯದ ಕೋಶವೇ ಮೇಲುಗೈ ಪಡೆದು, ಬೆಳೆಸಿದ್ದು ಗಡ್ಡೆಯೇ ಅಲ್ಲ ಅಂತ ಆಮೇಲೆ ಗೊತ್ತಾಗುತ್ತದೆ.

ಈಗ ನಿಮ್ಮ ಅಣ್ಣನವರ ವಿಷಯಕ್ಕೇ ಇದನ್ನು ತಂದು ನೋಡೋಣ.

ಆಪರೇಷನ್ನಿನಲ್ಲಿ ತೆಗೆದ ಗಡ್ಡೆ ಈಗ ಆಸ್ಪತ್ರೆಯ ಪೆಥಾಲಜಿಯಲ್ಲಿ ಮೇಣದ ಬ್ಲಾಕ್ ಆಗಿ ಕೂತಿದೆ. ಅದನ್ನು ಫಾರ್ಮಲಿನ್‌ನಲ್ಲಿ ಇಟ್ಟ ದಿನವೇ ಕೋಶಗಳು ಸತ್ತಿವೆ. ಆರ್ಗನಾಯ್ಡ್‌ಗೆ ಬದುಕಿರುವ ಕೋಶ ಬೇಕು. ಅಂದರೆ ಲಿವರ್‌ಗೆ ಸೂಜಿ ಹಾಕಿ ಹೊಸದಾಗಿ ಬಯಾಪ್ಸಿ ತೆಗೆಯಬೇಕು. ಕೀಮೋ ನಡುವೆ ಲಿವರ್ ಬಯಾಪ್ಸಿ ಅಂದರೆ ರಕ್ತಸ್ರಾವದ ಅಪಾಯ ಇದ್ದೇ ಇರುತ್ತದೆ. ಕರಪತ್ರದಲ್ಲಿ ಈ ಸಾಲು ಇದೆಯಾ, ನೋಡಿ.

ತುಣುಕು ಸಿಕ್ಕಿತು ಅಂತಿಟ್ಟುಕೊಳ್ಳಿ. ಅದನ್ನು ಆ್ಯಂಟಿಬಯಾಟಿಕ್ ಹಾಕಿದ ತಣ್ಣನೆ ದ್ರವದಲ್ಲಿ, ಐಸ್ ಡಬ್ಬಿಯಲ್ಲಿ, ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಸೂಜಿ ಬಯಾಪ್ಸಿಯ ತುಣುಕು ಶ್ಯಾವಿಗೆ ಎಳೆಗಿಂತ ದಪ್ಪ ಇರುವುದಿಲ್ಲ. ಅದನ್ನು ಬ್ಲೇಡಿನಿಂದ ಕೊಚ್ಚಿ, ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಬೆಚ್ಚಗೆ ಇಟ್ಟು ಬಿಡಿಸಿ, ಜರಡಿ ಹಿಡಿದು, ಸಿಕ್ಕಿದ ಕೋಶಗಳನ್ನು ಮ್ಯಾಟ್ರಿಜೆಲ್‌ಗೆ ಕಲಸುತ್ತಾರೆ. ಆಮೇಲೆ ಬಿಸಿ ಮಾಡಿಟ್ಟ ತಟ್ಟೆಯ ಮೇಲೆ ಸಣ್ಣ ಸಣ್ಣ ಹನಿಗಳಾಗಿ ಇಡುತ್ತಾರೆ. ಹನಿ ಇಟ್ಟ ಕೂಡಲೇ ತಟ್ಟೆಯನ್ನು ತಲೆಕೆಳಗು ಮಾಡಿ ಇನ್‌ಕ್ಯುಬೇಟರ್‌ಗೆ ತಳ್ಳಬೇಕು. ಇಲ್ಲದಿದ್ದರೆ ಕೋಶಗಳೆಲ್ಲ ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟುತ್ತವೆ, ಮತ್ತೆ ಟೂಡಿಯೇ ಆಗುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹನಿ ಗಟ್ಟಿಯಾದ ಮೇಲೆ ಪೋಷಕ ದ್ರವ. ಮುಂದೆ ಎರಡು ಮೂರು ದಿನಕ್ಕೊಮ್ಮೆ ದ್ರವ ಬದಲಿಸುತ್ತಾ ಕಾಯುವುದು. ಎಲ್ಲ ಸರಿ ಹೋದರೆ ಒಂದು ವಾರದಲ್ಲಿ ಮೈಕ್ರೋಸ್ಕೋಪಿನಡಿ ಮುದ್ದೆ ಮುದ್ದೆಯಾಗಿ ಗುಂಡುಗಳು ಕಾಣುತ್ತವೆ. ಕರುಳಿನ ತುಣುಕಾದರೆ ಜೊತೆಗೆ ಬ್ಯಾಕ್ಟೀರಿಯಾ ಬರುವ ಭಯ. ನಮ್ಮ ಮಳೆಗಾಲದಲ್ಲಿ ಇನ್‌ಕ್ಯುಬೇಟರ್‌ಗೆ ಫಂಗಸ್ ಹಿಡಿಯುವ ಕಾಟ ಬೇರೆ. ಇದನ್ನು ಯಾರೂ ಸಂಶೋಧನಾ ಪ್ರಬಂಧದಲ್ಲಿ ಬರೆಯುವುದಿಲ್ಲ, ಎಲ್ಲರ ಲ್ಯಾಬಿನಲ್ಲೂ ಆಗುತ್ತದೆ.

ಔಷಧ ಪರೀಕ್ಷೆಗೆ ಬೇಕಾಗುವಷ್ಟು ಗುಂಡು ಬೆಳೆಯಲು ಹಲವು ವಾರ ಹಿಡಿಯುತ್ತದೆ. ಪರೀಕ್ಷೆಗೆ ಇನ್ನೊಂದು ವಾರ. ಲಿವರ್‌ಗೆ ಹರಡಿದ ಕ್ಯಾನ್ಸರ್‌ನಲ್ಲಿ ಆ ವಾರಗಳು ಸುಮ್ನೆ ಕಾಯುವ ವಾರಗಳಲ್ಲ. ಕೀಮೋ ನಿಲ್ಲಿಸಿ ರಿಪೋರ್ಟಿಗೆ ಕಾಯಬೇಡಿ. ಇದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಸರಿ, ರಿಪೋರ್ಟ್ ಬಂತು. ನಂಬಬಹುದೇ? ಇಲ್ಲಿ ಮೂರು ಅಧ್ಯಯನಗಳನ್ನು ಒಟ್ಟಿಗೆ ನೋಡಬೇಕು. ಕರಪತ್ರ ಬರೆದವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. 2018ರಲ್ಲಿ ಲಂಡನ್ನಿನ ಗುಂಪೊಂದು ಹೊಟ್ಟೆ, ಕರುಳಿನ ಹರಡಿದ ಕ್ಯಾನ್ಸರ್ ಇರುವ ರೋಗಿಗಳ ಆರ್ಗನಾಯ್ಡ್ ಬೆಳೆಸಿ, ಅವುಗಳ ಮೇಲೆ ಔಷಧ ಹೇಗೆ ನಡೆದುಕೊಂಡಿತು, ರೋಗಿಯಲ್ಲಿ ಹೇಗೆ ನಡೆದುಕೊಂಡಿತು ಅಂತ ತಾಳೆ ನೋಡಿತು. ಆರ್ಗನಾಯ್ಡ್ ‘ಈ ಔಷಧ ಹಿಡಿಯದು’ ಅಂದ ಕಡೆ ರೋಗಿಯಲ್ಲೂ ಹಿಡಿಯಲಿಲ್ಲ, ನೂರಕ್ಕೆ ನೂರು. ‘ಹಿಡಿಯುತ್ತದೆ’ ಅಂದದ್ದು ನಿಜವಾದದ್ದು ನೂರಕ್ಕೆ 88. ಅದ್ಭುತ ಅಂಕಿ. ಆದರೆ ರೋಗಿಗಳ ಸಂಖ್ಯೆ ತುಂಬಾ ಸಣ್ಣದು, ಅದೂ ಹೆಚ್ಚಾಗಿ ಚಿಕಿತ್ಸೆಯ ಜೊತೆ ಜೊತೆಗೆ ಹೋಲಿಸಿ ನೋಡಿದ್ದು. ಆರ್ಗನಾಯ್ಡ್ ಹೇಳಿದಂತೆ ಚಿಕಿತ್ಸೆ ಕೊಟ್ಟದ್ದಲ್ಲ.

2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಗುಂಪು ಕರುಳಿನ ಕ್ಯಾನ್ಸರ್‌ನಲ್ಲೇ ಇದನ್ನು ಮಾಡಿತು. ಇರಿನೊಟಿಕಾನ್ ಇರುವ ಕೀಮೋ ಯಾರಿಗೆ ಹಿಡಿಯುವುದಿಲ್ಲ ಅಂತ ಆರ್ಗನಾಯ್ಡ್ ಚೆನ್ನಾಗಿಯೇ ಹೇಳಿತು. ಫೈವ್-ಎಫ್‌ಯು ಜೊತೆ ಆಕ್ಸಾಲಿಪ್ಲಾಟಿನ್ ಕೊಡುವ ಕೀಮೋ ವಿಷಯದಲ್ಲಿ ಹೇಳಲಾಗಲಿಲ್ಲ. ಕರುಳಿನ ಕ್ಯಾನ್ಸರ್‌ಗೆ ಅತಿ ಹೆಚ್ಚಾಗಿ ಕೊಡುವ ಜೋಡಿ ಅದೇ, ಬಹುಶಃ ನಿಮ್ಮ ಅಣ್ಣನವರಿಗೂ.

ಮೂರನೆಯದು 2021ರದ್ದು, ಅದೂ ಅಲ್ಲಿಯದೇ. ಈ ಸಲ ಧೈರ್ಯ ಮಾಡಿ, ಆರ್ಗನಾಯ್ಡ್ ಹೇಳಿದ ಔಷಧವನ್ನೇ ರೋಗಿಗೆ ಕೊಟ್ಟು ನೋಡಿದರು. 54 ಜನರ ತುಣುಕಿನಲ್ಲಿ 31ರಿಂದ ಮಾತ್ರ ಆರ್ಗನಾಯ್ಡ್ ಬೆಳೆಯಿತು. ಅದರಲ್ಲಿ 19 ಯಾವುದೋ ಒಂದು ಪ್ರಯೋಗದ ಔಷಧಕ್ಕೆ ಬಗ್ಗಿದವು. ಕೊನೆಗೆ ಔಷಧ ತೆಗೆದುಕೊಳ್ಳುವ ಸ್ಥಿತಿಯಲ್ಲಿದ್ದು, ಚಿಕಿತ್ಸೆ ಪಡೆದವರು 6 ಜನ. ಒಬ್ಬರ ಗಡ್ಡೆಯೂ ಕುಗ್ಗಲಿಲ್ಲ. ಕರಪತ್ರದ ಹಿಂದೆ ಇದನ್ನೂ ಅಚ್ಚು ಹಾಕಬೇಕಿತ್ತು, ಅಲ್ವಾ?

ಯಾಕೆ ಹೀಗೆ? ಹನಿಯೊಳಗೆ ಇರುವುದು ಗಡ್ಡೆಯ ಕೋಶ ಮಾತ್ರ. ಸುತ್ತಲಿನ ಸಂಸಾರ ಇಲ್ಲ. ರಕ್ತನಾಳ ಇಲ್ಲ, ಹಾಗಾಗಿ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್‌ನಂಥ ಔಷಧವನ್ನು ಇದರ ಮೇಲೆ ಪರೀಕ್ಷಿಸುವುದರಲ್ಲಿ ಅರ್ಥವೇ ಇಲ್ಲ. ರೋಗನಿರೋಧಕ ಕೋಶಗಳಿಲ್ಲ, ಹಾಗಾಗಿ ಇಮ್ಯುನೊಥೆರಪಿ ಬಗ್ಗೆ ಏನೂ ಹೇಳುವುದಿಲ್ಲ. ಲಿವರ್ ಇಲ್ಲ. ಕ್ಯಾಪೆಸಿಟಬೀನ್ ಮಾತ್ರೆ ದೇಹದಲ್ಲಿ, ಅದರಲ್ಲೂ ಲಿವರ್‌ನಲ್ಲಿ, ಹಂತ ಹಂತವಾಗಿ ಬದಲಾದ ಮೇಲೆಯೇ ಫೈವ್-ಎಫ್‌ಯು ಆಗುತ್ತದೆ. ಅದನ್ನು ಹಾಗೇ ತಟ್ಟೆಗೆ ಹಾಕಿದರೆ ಸಿಗುವ ಉತ್ತರಕ್ಕೆ ಬೆಲೆ ಇಲ್ಲ. ಕರಪತ್ರದ ಔಷಧಗಳ ಪಟ್ಟಿಯಲ್ಲಿ ಇವೆಲ್ಲ ಇದ್ದರೆ, ಮತ್ತು ನಾಳಗಳನ್ನೋ ನಿರೋಧಕ ಕೋಶಗಳನ್ನೋ ಹೇಗೆ ಸೇರಿಸುತ್ತೇವೆ ಅಂತ ಅವರು ಬಿಡಿಸಿ ಹೇಳದಿದ್ದರೆ, ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಬೆಳೆಸುತ್ತೀರಿ ಅಂತ ಕೇಳಬಹುದು. ಒಬ್ಬ ರೋಗಿಗೆ ಔಷಧ ಆರಿಸುವುದು ಈ ಮಾದರಿಗಳ ಹತ್ತು ಕೆಲಸಗಳಲ್ಲಿ ಒಂದು, ಅದೂ ಅತಿ ಕಷ್ಟದ್ದು. ಮಿಕ್ಕವು ಈಗಾಗಲೇ ನಡೆಯುತ್ತಿವೆ. ಮನುಷ್ಯರ ಮೇಲಿನ ಟ್ರಯಲ್‌ವರೆಗೆ ಬಂದ ಕ್ಯಾನ್ಸರ್ ಔಷಧಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಸೋಲುತ್ತವೆ. ಟೂಡಿಯಲ್ಲಿ, ಇಲಿಯಲ್ಲಿ ಗೆದ್ದು ಬಂದವೇ ಅವು. ನಡುವೆ ತ್ರೀಡಿಯ ಒಂದು ಜರಡಿ ಇದ್ದರೆ ಕೆಲವಾದರೂ ಮೊದಲೇ ನಿಲ್ಲುತ್ತವೆ. ಕಾನೂನೂ ಇತ್ತ ತಿರುಗಿದೆ. ಔಷಧ ಕಂಪನಿಗಳು ಪ್ರಾಣಿ ಪರೀಕ್ಷೆಯನ್ನೇ ಮಾಡಬೇಕೆಂಬ ಕಟ್ಟಳೆಯನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಸಡಿಲಿಸಿತು. ನಮ್ಮಲ್ಲೂ 2023ರಲ್ಲಿ ಔಷಧ ಟ್ರಯಲ್ ನಿಯಮಗಳಿಗೆ ತಿದ್ದುಪಡಿ ಬಂದು, ಆರ್ಗನಾಯ್ಡ್, ಸಣ್ಣ ಚಿಪ್ (chip) ಮೇಲೆ ಬೆಳೆಸಿದ ಅಂಗಾಂಶ ಇವಕ್ಕೆಲ್ಲ ಜಾಗ ಸಿಕ್ಕಿದೆ.

ನಮ್ಮ ಕಡೆಯ ಕ್ಯಾನ್ಸರ್‌ಗೆ ಇದು ಇನ್ನೂ ಮುಖ್ಯ. ಕೆನ್ನೆಯೊಳಗೆ, ವಸಡಿನ ಬದಿಯಲ್ಲಿ ಗುಟ್ಕಾ, ತಂಬಾಕು ಒತ್ತಿಟ್ಟು ಬರುವ ಬಾಯಿ ಕ್ಯಾನ್ಸರ್ ಮುಂಬೈಯ ಪರೇಲ್‌ನಲ್ಲಿರುವ ಟಾಟಾ ಆಸ್ಪತ್ರೆಯ ಓಪಿಡಿಯಲ್ಲಿ ದಿನಾ ಕಾಣುವುದು. ಅಮೆರಿಕ, ಯುರೋಪಿನಲ್ಲಿ ಇದು ಅಪರೂಪ. ಅಲ್ಲಿನವರು ನಮಗಾಗಿ ಇದರ ಮಾದರಿ ಕಟ್ಟಿಕೊಡುವುದಿಲ್ಲ, ನಾವೇ ಕಟ್ಟಬೇಕು. ಇದಕ್ಕೆ ಒಂದು ಒಳ್ಳೇ ವಿಧಾನ ಇದೆ. ಕೊಲಾಜೆನ್ ಜೆಲ್ಲಿನಲ್ಲಿ ಫೈಬ್ರೊಬ್ಲಾಸ್ಟ್ ಕೋಶಗಳನ್ನು (ದೇಹದಲ್ಲಿ ಆ ಪ್ರೋಟೀನುಗಳ ಬಲೆ ನೇಯುವ ಕೋಶಗಳು) ಬೆರೆಸಿ, ಮೇಲೆ ಬಾಯಿ ಕ್ಯಾನ್ಸರ್ ಕೋಶಗಳ ಪದರ ಹಾಕಿ, ಮೇಲ್ಭಾಗ ಗಾಳಿಗೆ ತೆರೆದಿಡುವುದು. ಒಂದೆರಡು ವಾರದ ಮೇಲೆ ಅದನ್ನು ಕೊಯ್ದು ಬಣ್ಣ ಹಾಕಿ ನೋಡಿದರೆ, ಗಡ್ಡೆಯ ಕೋಶಗಳು ಕೆಳಗಿನ ಜೆಲ್ಲಿಗೆ ಬೇರಿನಂತೆ ಇಳಿದಿರುವುದು ಕಾಣುತ್ತದೆ. ಫೈಬ್ರೊಬ್ಲಾಸ್ಟ್ ಬೆರೆಸದಿದ್ದರೆ ಬಹಳ ಸಲ ಇಳಿಯುವುದೇ ಇಲ್ಲ. ಯಾರು ಯಾರಿಗೆ ದಾರಿ ಬಿಡಿಸಿಕೊಟ್ಟರು ಅಂತ ಕಣ್ಣಾರೆ ನೋಡಬಹುದು.

ಲಕ್ಷ ರೂಪಾಯಿ ಎತ್ತಿಟ್ಟಿದ್ದೀರಲ್ಲ, ಅದನ್ನು ಬೇರೆ ಕಡೆ ನೋಡೋಣ. ಮೊದಲು ಅಣ್ಣನವರ ಫೈಲು ತೆಗೆದು ನಾಲ್ಕು ರಿಪೋರ್ಟ್ ಇವೆಯಾ ಹುಡುಕಿ: ಎಂ.ಎಸ್.ಐ. ಅಥವಾ ಎಂ.ಎಂ.ಆರ್., ರಾಸ್ ಅಂದರೆ ಕೆ-ರಾಸ್ ಮತ್ತು ಎನ್-ರಾಸ್, ಬಿ-ರಾಫ್, ಮತ್ತು ಹರ್-2. ಇವು ಗಡ್ಡೆಯ ಜೀನು, ಪ್ರೋಟೀನುಗಳಲ್ಲಿನ ಬದಲಾವಣೆ ನೋಡುವ ಪರೀಕ್ಷೆಗಳು. ಇವಕ್ಕೆ ಹೊಸ ಬಯಾಪ್ಸಿ ಬೇಡ, ಆ ಮೇಣದ ಬ್ಲಾಕ್ ಸಾಕು. ಇವು ಚಿಕಿತ್ಸೆಯನ್ನು ನಿಜವಾಗಿ ಬದಲಿಸುತ್ತವೆ. ರಾಸ್‌ನಲ್ಲಿ ಬದಲಾವಣೆ ಇದ್ದರೆ ಸೆಟುಕ್ಸಿಮ್ಯಾಬ್ ಹಿಡಿಯುವುದಿಲ್ಲ, ಆ ದುಬಾರಿ ಇಂಜೆಕ್ಷನ್ನಿನ ಖರ್ಚು ಉಳಿಯುತ್ತದೆ. ಹರಡಿದ ಕರುಳಿನ ಕ್ಯಾನ್ಸರ್‌ನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ಈ ಬದಲಾವಣೆ ಇರುತ್ತದೆ. ಎಂ.ಎಸ್.ಐ. ಹೈ ಅಂತ ಬಂದರೆ ಇಮ್ಯುನೊಥೆರಪಿಯ ಬಾಗಿಲು ತೆರೆಯುತ್ತದೆ. ಅದು ಸಿಗುವುದು ನೂರರಲ್ಲಿ ಐದು ಜನಕ್ಕೆ ಅಷ್ಟೇ, ಆದರೆ ಸಿಕ್ಕವರಿಗೆ ದೊಡ್ಡ ಲಾಭ.

ಇನ್ನೊಂದು ಪ್ರಶ್ನೆಯನ್ನು ಡಾಕ್ಟರಿಗೆ ಕೇಳಲೇಬೇಕು: ಲಿವರ್‌ನಲ್ಲಿರುವ ಗಡ್ಡೆಗಳನ್ನು ಆಪರೇಷನ್ ಮಾಡಿ ತೆಗೆಯಬಹುದೇ, ಈಗಲ್ಲದಿದ್ದರೆ ಕೀಮೋದಿಂದ ಕುಗ್ಗಿದ ಮೇಲೆ? ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದರೂ, ಗಡ್ಡೆ ಕೆಲವೇ ಇದ್ದರೆ, ತೆಗೆದು ವರ್ಷಗಟ್ಟಲೆ ಚೆನ್ನಾಗಿರುವವರಿದ್ದಾರೆ. ಇದನ್ನು ಲಿವರ್ ಸರ್ಜನ್ ಇರುವ ತಂಡ ಕೂತು ತೀರ್ಮಾನಿಸಬೇಕು. ಸೆಕೆಂಡ್ ಒಪೀನಿಯನ್ ಬೇಕಿದ್ದರೆ ಈ ಪ್ರಶ್ನೆಗೇ ತೆಗೆದುಕೊಳ್ಳಿ. ನಿಮ್ಮ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸಂಕೋಚ ಬೇಡ. ಹಾಗೆ ಆಪರೇಷನ್ ಆಗಿಯೇ ಆದರೆ ಆಗ ತಾಜಾ ತುಣುಕು ತಾನಾಗಿ ಸಿಗುತ್ತದೆ. ಆಸ್ಪತ್ರೆಯವರು ಸಂಶೋಧನೆಗೆ ಕೇಳಿದರೆ ಒಪ್ಪಿಗೆ ಪತ್ರ ಓದಿ, ಮನಸ್ಸಿದ್ದರೆ ಕೊಡಿ. ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ.

ಲ್ಯಾಬಿನವರು ‘ಇದು ಟ್ರಯಲ್’ ಅಂದರೆ ಸಿ.ಟಿ.ಆರ್.ಐ. (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ) ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ಕ್ಲಿನಿಕಲ್ ಟ್ರಯಲ್‌ಗಳನ್ನು ಅಲ್ಲಿ ನೋಂದಾಯಿಸಲೇಬೇಕು, ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ‘ಟ್ರಯಲ್ ಅಲ್ಲ, ಸೇವೆ’ ಅಂದರೆ ಕೇಳಬೇಕಾದ್ದು ಬೇರೆ. ನೂರು ತುಣುಕಿನಲ್ಲಿ ಎಷ್ಟು ಬೆಳೆಯುತ್ತವೆ? ಬೆಳೆಯದಿದ್ದರೆ ದುಡ್ಡು ವಾಪಸ್ಸಾ? ಬೆಳೆದದ್ದು ಅಣ್ಣನ ಗಡ್ಡೆಯೇ ಅಂತ ಡಿ.ಎನ್.ಎ. ತಾಳೆ ನೋಡುತ್ತೀರಾ? ನಿಮ್ಮ ರಿಪೋರ್ಟಿನ ಪ್ರಕಾರ ಚಿಕಿತ್ಸೆ ಪಡೆದ ಕರುಳಿನ ಕ್ಯಾನ್ಸರ್ ರೋಗಿಗಳ ಫಲಿತಾಂಶ ಎಲ್ಲಿ ಪ್ರಕಟವಾಗಿದೆ? ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಮಿಕ್ಕದ್ದನ್ನು ಕೇಳುವ ಕೆಲಸವೂ ಇಲ್ಲ.

ಮಗಳಿಗೆ ಎರಡು ಮಾತು. ಅವಳು ಒಳ್ಳೇ ಊರಿನಲ್ಲಿದ್ದಾಳೆ. ಪುಣೆಯ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನಲ್ಲಿ ಕೋಶಗಳ ರಾಷ್ಟ್ರೀಯ ಭಂಡಾರವೇ ಇದೆ. ಪಕ್ಕದ ಲ್ಯಾಬಿನ ಗೆಳತಿಯಿಂದ ಸೆಲ್ ಲೈನ್, ಅಂದರೆ ಹೀಲಾದಂತೆ ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಕೋಶಗಳನ್ನು, ಸಾಲ ತರುವ ಅಭ್ಯಾಸ ಬೇಡ ಅಂತ ಹೇಳಿ. ಹೀಲಾ ಕೋಶಗಳು ಬೇರೆ ಕೋಶಗಳ ಫ್ಲಾಸ್ಕುಗಳಿಗೆ ನುಗ್ಗಿ, ಇನ್ನೊಂದರ ಹೆಸರಿನಲ್ಲಿ ಬೆಳೆದುಕೊಂಡಿದ್ದವು ಅಂತ 1960ರ ದಶಕದಲ್ಲೇ ಗೊತ್ತಾಗಿದೆ. ಇಂದಿಗೂ ಆ ಕಾಟ ತಪ್ಪಿಲ್ಲ. ಎಸ್.ಟಿ.ಆರ್. ಎಂಬ ಡಿ.ಎನ್.ಎ. ಪರೀಕ್ಷೆ ಮಾಡಿಸಿ ಕೋಶದ ಗುರುತು ಖಾತ್ರಿ ಮಾಡಿಕೊಳ್ಳಬೇಕು, ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದೆಯೇ ಅಂತ ತಪ್ಪದೆ ನೋಡುತ್ತಿರಬೇಕು.

ತ್ರೀಡಿಯಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಅಳತೆಯಲ್ಲಿ. ಎಷ್ಟು ಕೋಶ ಬದುಕಿವೆ ಅಂತ ತೋರಿಸುವ ಎಂ.ಟಿ.ಟಿ. ಬಣ್ಣದ ಪರೀಕ್ಷೆ ಟೂಡಿಗೆ ಹೇಳಿ ಮಾಡಿಸಿದ್ದು. ಗೋಲಿಯ ಒಳಗೆ ಆ ಬಣ್ಣವೇ ಸರಿಯಾಗಿ ಇಳಿಯದಿದ್ದರೆ, ನಡುವಿನ ಕೋಶ ಬದುಕಿದ್ದರೂ ಸತ್ತಂತೆ ಲೆಕ್ಕಕ್ಕೆ ಬರುತ್ತದೆ. ಗೋಲಿಯನ್ನು ಒಡೆದು, ಬದುಕಿರುವ ಕೋಶಗಳಲ್ಲಿನ ಎ.ಟಿ.ಪಿ. ಎಂಬ ಶಕ್ತಿಯ ಅಣುವನ್ನು ಅಳೆಯುವ ಕಿಟ್ ಇದಕ್ಕೆ ವಾಸಿ. 200 ಮೈಕ್ರೋಮೀಟರ್ ಗೋಲಿಯನ್ನೂ 600ರದ್ದನ್ನೂ ಒಂದೇ ಗ್ರಾಫಿನಲ್ಲಿ ಸೇರಿಸಬಾರದು. ಮೊದಲನೆಯದರಲ್ಲಿ ಸತ್ತ ನಡುಭಾಗ ಇರುವುದಿಲ್ಲ, ಎರಡನೆಯದರಲ್ಲಿ ಇರುತ್ತದೆ. ಔಷಧ ಹಾಕುವ ದಿನವೇ ಪ್ರತಿ ಗುಳಿಯ ಫೋಟೊ ತೆಗೆದು, ಫಿಜಿ ಸಾಫ್ಟ್‌ವೇರಿನಲ್ಲಿ ಅಳತೆ ಬರೆದಿಟ್ಟುಕೊಳ್ಳಲಿ. ಅದು ಪುಕ್ಕಟೆ ಸಿಗುತ್ತದೆ. ಅವಳ ಗೈಡ್ ಇದನ್ನು ಕೇಳದಿದ್ದರೂ ವೈವಾಗೆ ಬರುವ ಹೊರಗಿನ ಪರೀಕ್ಷಕರು ಕೇಳುತ್ತಾರೆ. ನಾನಾದರೆ ಮೊದಲು ಅದನ್ನೇ ಕೇಳುತ್ತೇನೆ.